ಕಿಲ್ಪೆಕ್ ನೋಡೋದು ಹೇಗೆ: ಮಣ್ಣಿನ ಕೋಟೆ ಮೊದ್ಲು, ಚರ್ಚ್ ಆಮೇಲೆ

ಯುಕೆಗೆ ಬಂದ ಹೊಸದ್ರಲ್ಲಿ ನಮ್ಮೋರೆಲ್ಲ ಕೋಟೆ ಅಂದ್ರೆ ವಿಂಡ್ಸರ್, ವಾರ್ವಿಕ್, ಕಾರ್ಡಿಫ್ ಅಂತ ಮೂರು ಮುಗಿಸಿ ಫೋಟೋ ಹಾಕಿ ಸುಮ್ಮನಾಗ್ತಾರೆ, ನಾನೂ ಹಂಗೇ ಇದ್ದೆ. ಆಮೇಲೆ ಯಾರೋ ಹೇಳಿದ್ರು ಅಂತ ಒಂದು ಜುಲೈನಲ್ಲಿ ಊರಿಂದ ಬಂದಿದ್ದ ಅಮ್ಮನ್ನೂ ಮಗಳನ್ನೂ ಕೂರಿಸ್ಕೊಂಡು ಹೆರೆಫರ್ಡ್‌ಶೈರ್‌ನ ಕಿಲ್ಪೆಕ್‌ಗೆ ಹೋದೆ. ಕಾರ್ ಇಳಿದ್ವಿ, ಚರ್ಚ್ ಪಕ್ಕ ಹುಲ್ಲು ಬೆಳ್ದಿರೋ ಒಂದು ಗುಡ್ಡೆ, ಅದರ ಮೇಲೆ ಮುರಿದ ಹಲ್ಲಿನ ತರ ಎರಡು ಗೋಡೆ ತುಂಡು. ಮಗಳು "ಅಪ್ಪಾ, ಕೋಟೆ ಎಲ್ಲಿ?" ಅಂದ್ಲು. ಚಿತ್ರದುರ್ಗ ನೋಡಿದ ಕಣ್ಣು ನಮ್ಮಮ್ಮಂದು, "ಇದೇನೋ ಇದು, ಗುಡ್ಡೆ ತೋರ್ಸಕ್ಕೆ ಇಷ್ಟು ದೂರ ಕರ್ಕೊಂಡ್ ಬಂದ್ಯಾ" ಅಂತ ಅಲ್ಲೇ ಬೆಂಚ್ ಮೇಲೆ ಕೂತ್ಬಿಟ್ರು. ನಾನು ಎದೆಮಟ್ಟ ಬೆಳ್ದಿದ್ದ ತುರಚೆ ಗಿಡದಲ್ಲಿ ನುಗ್ಗಿ ಕಾಲೆಲ್ಲ ದದ್ದು ಎಬ್ಬಿಸ್ಕೊಂಡು ವಾಪಸ್ ಬಂದೆ.

ತಪ್ಪು ಜಾಗದ್ದಲ್ಲ, ನಾನು ಹೋದ ರೀತೀದು. ಮಣ್ಣಿನ ಕೋಟೆ ನೋಡಕ್ಕೆ ಒಂದು ಕ್ರಮ ಇದೆ, ಅದನ್ನ ಕಲ್ತ ಮೇಲೆ ನಾಕು ಸಲ ಹೋಗಿದೀನಿ, ಹೋದಾಗೆಲ್ಲ ಹೊಸದೇನೋ ಸಿಗತ್ತೆ. ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಇದು ಏನು ಅಂತ ಗೊತ್ತಿರ್ಲಿ

1066ರಲ್ಲಿ ಫ್ರಾನ್ಸ್‌ನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದಾಗ ಅವರ ಹತ್ರ ಕಲ್ಲಿನ ಕೋಟೆ ಕಟ್ಟಕ್ಕೆ ಟೈಮ್ ಇರ್ಲಿಲ್ಲ, ಸುತ್ತ ಇದ್ದ ಜನ ಎಲ್ಲ ವಿರೋಧಿಗಳೇ. ಅದಕ್ಕೆ ದುಂಡಗೆ ಕಂದಕ ತೋಡೋದು, ಆ ಮಣ್ಣನ್ನೇ ಒಳಗಡೆ ಪದರ ಪದರವಾಗಿ ಹಾಕಿ ಬಡಿದು ದಿಬ್ಬ ಎಬ್ಸೋದು, ಮೇಲೆ ಮರದ ಗೂಟದ ಗೋಡೆ, ಒಂದು ಮರದ ಗೋಪುರ. ಈ ದಿಬ್ಬಕ್ಕೆ ಮಾಟ್ ಅಂತಾರೆ. ಪಕ್ಕದಲ್ಲಿ ಕುದುರೆ ಲಾಯ, ಅಡುಗೆಮನೆ, ಆಳುಕಾಳು ಎಲ್ಲ ಇರಕ್ಕೆ ಒಂದು ಅಂಗಳ, ಅದಕ್ಕೆ ಬೇಯ್ಲಿ ಅಂತಾರೆ. ನಮ್ಮ ಬೇಲಿಗೂ ಈ ಬೇಯ್ಲಿಗೂ ಏನೂ ಸಂಬಂಧ ಇಲ್ಲ, ಆದ್ರೆ ಅದೂ ಬೇಲಿ ಹಾಕಿದ್ ಜಾಗಾನೇ ಆಗಿರೋದ್ರಿಂದ ನೆನಪಿಟ್ಕೊಳಕ್ಕೆ ಸುಲಭ.

ಕಿಲ್ಪೆಕ್ ಇರೋದು ವೇಲ್ಸ್ ಗಡಿ ಹತ್ರ, ಆರ್ಚನ್‌ಫೀಲ್ಡ್ ಅನ್ನೋ ಸೀಮೇಲಿ. ನಾರ್ಮನ್ನರು ಬರೋಕ್ ಮುಂಚೆ ಇಲ್ಲಿ ವೆಲ್ಶ್ ಜನಾನೇ ಇದ್ದಿದ್ದು, ವೆಲ್ಶ್ ಸಂತ ಡೇವಿಡ್‌ನ ಹೆಸರು ಇವತ್ತಿಗೂ ಚರ್ಚ್ ಹೆಸರಲ್ಲಿದೆ. 1086ರ ಡೂಮ್ಸ್‌ಡೇ ದಫ್ತರದಲ್ಲಿ, ಅಂದ್ರೆ ಯಾವ ಜಮೀನು ಯಾರ ಕೈಲಿದೆ ಅಂತ ದೊರೆ ಬರೆಸಿದ ಲೆಕ್ಕದ ಪುಸ್ತಕದಲ್ಲಿ, ಈ ಊರು ವಿಲಿಯಂ ಫಿಟ್ಸ್ ನಾರ್ಮನ್ ಕೈಲಿದೆ. ಅವನ ವಂಶದ ಹ್ಯೂ, ಕಾಡಿನ ಉಸ್ತುವಾರಿ ಮನೆತನದವನು, 1134ರಲ್ಲಿ ಇಲ್ಲಿನ ಚರ್ಚನ್ನ ಗ್ಲೌಸ್ಟರ್‌ನ ಮಠಕ್ಕೆ ಬರ್ಕೊಟ್ಟ, ಈಗ ನಿಂತಿರೋ ಕಟ್ಟಡ ಸುಮಾರು 1140ರದ್ದು. ಬೇಲೂರಲ್ಲಿ ವಿಷ್ಣುವರ್ಧನ ಚೆನ್ನಕೇಶವನ್ನ ಪ್ರತಿಷ್ಠೆ ಮಾಡಿದ್ದು 1117ರಲ್ಲಿ, ಅಂದ್ರೆ ಹೆಚ್ಚುಕಮ್ಮಿ ಒಂದೇ ತಲೆಮಾರು. ಈ ಲೆಕ್ಕ ಹೇಳಿದ್ ಮೇಲೇ ನಮ್ಮಮ್ಮ ಬೆಂಚಿಂದ ಎದ್ದಿದ್ದು.

ಯಾವ ತಿಂಗಳು, ಯಾವ ಹೊತ್ತು

ಎಲ್ಲರೂ ಬೇಸಿಗೆ ರಜೇಲಿ ಹೋಗ್ತಾರೆ. ಚರ್ಚ್‌ಗೆ ಓಕೆ, ಮಣ್ಣಿನ ಕೋಟೆಗೆ ದಂಡ. ಹುಲ್ಲು, ಜರಿಗಿಡ, ತುರಚೆ ಎಲ್ಲ ಬೆಳೆದು ಏರು ಇಳಿವು ಮುಚ್ಚೋಗಿರತ್ತೆ, ಸೂರ್ಯ ನೆತ್ತಿ ಮೇಲಿರೋದ್ರಿಂದ ನೆರಳೂ ಬೀಳಲ್ಲ. ನಿಮಗೆ ಬೇಕಾಗಿರೋದು ಜನವರಿಯಿಂದ ಮಾರ್ಚ್ ಮೊದಲ ವಾರದ ಒಳಗೆ ಒಂದು ಬಿಸಿಲಿರೋ ದಿನ. ಆಗ ಸೂರ್ಯ ತಗ್ಗಲ್ಲೇ ಇರ್ತಾನೆ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಇಲ್ಲಾ ಮಧ್ಯಾಹ್ನ ಎರಡರ ಮೇಲೆ ಒಂದು ಗೇಣು ಎತ್ತರದ ಏರಿಗೂ ಉದ್ದ ನೆರಳು ಬೀಳತ್ತೆ, ಜುಲೈಲಿ ಬರೀ ಹುಲ್ಲುಗಾವಲು ಅನ್ಕೊಂಡಿದ್ ಜಾಗದಲ್ಲಿ ಗೆರೆ ಎಳ್ದಂಗೆ ಇಡೀ ಊರಿನ ನಕ್ಷೆ ಎದ್ದು ನಿಲ್ಲತ್ತೆ. ಇಬ್ಬನಿ ಹೆಪ್ಪುಗಟ್ಟಿರೋ ಬೆಳಿಗ್ಗೆ ಸಿಕ್ರಂತೂ ಲಾಟರಿ ಹೊಡ್ದಂಗೆ, ಬಿಸಿಲು ಬಿದ್ ಕಡೆ ಕರಗಿ ಹಸಿರು, ಹಳ್ಳದಲ್ಲಿ ಇನ್ನೂ ಬಿಳಿ. ಡಿಸೆಂಬರ್ ಕೊನೇಲಿ ನಾಕು ಗಂಟೆಗೇ ಕತ್ತಲಾಗತ್ತೆ, ಅದನ್ನ ಲೆಕ್ಕದಲ್ಲಿ ಇಟ್ಕೊಳಿ.

ಭಾನುವಾರ ಬೆಳಿಗ್ಗೆ ಹೋಗೋದಾದ್ರೆ ಪ್ರಾರ್ಥನೆ ಇದ್ಯಾ ಅಂತ ನೋಡ್ಕೊಂಡು ಹೋಗಿ. ಈ ಕಡೆ ಐದಾರು ಹಳ್ಳಿ ಚರ್ಚ್‌ಗೆ ಒಬ್ರೇ ಪಾದ್ರಿ ಇರ್ತಾರೆ, ಒಂದ್ ವಾರ ಇಲ್ಲಿ ಒಂದ್ ವಾರ ಅಲ್ಲಿ. ಚರ್ಚ್ ಆಫ್ ಇಂಗ್ಲೆಂಡ್‌ನವರ 'ಎ ಚರ್ಚ್ ನಿಯರ್ ಯು' ಸೈಟಲ್ಲಿ ಊರ ಹೆಸರು ಹಾಕಿದ್ರೆ ಸಮಯ ಸಿಗತ್ತೆ.

ಹಿಂದಿನ ದಿನ ರಾತ್ರಿ ಅರ್ಧ ಗಂಟೆ ಹೋಮ್‌ವರ್ಕ್

ಇದನ್ನ ಬಿಟ್ರೆ ಅರ್ಧ ಮಜಾ ಹೋಯ್ತು. ಇಂಗ್ಲೆಂಡಲ್ಲಿ ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳ್ದಿರೋ ಲೈಡಾರ್ ನಕ್ಷೆ ಇದೆ, ಮರ ಗಿಡ ಎಲ್ಲ ತೆಗೆದುಹಾಕಿ ಬರೀ ಮಣ್ಣಿನ ಆಕಾರ ತೋರ್ಸತ್ತೆ, ಫ್ರೀ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲೆಂಡ್ ಮ್ಯಾಪ್ ಸೈಟಲ್ಲಿ ಪರದೆ ಎರಡು ಭಾಗ ಮಾಡಿ ಒಂದ್ ಕಡೆ ನೂರು ವರ್ಷದ ಹಿಂದಿನ ನಕ್ಷೆ, ಇನ್ನೊಂದ್ ಕಡೆ ಲೈಡಾರ್ ಹಾಕ್ಕೋಬಹುದು. ಕಿಲ್ಪೆಕ್ ಹುಡುಕಿ. ದಿಬ್ಬ ಒಂದು ಇಡ್ಲಿ ತರ ಕಾಣತ್ತೆ, ಅದನ್ನ ತಬ್ಕೊಂಡಂಗೆ ಮೂತ್ರಪಿಂಡದ ಆಕಾರದಲ್ಲಿ ಅಂಗಳ, ಆಚೆಗೆ ಇನ್ನೂ ಒಂದೆರಡು ಹೊರ ಅಂಗಳ, ಮತ್ತೆ ಚರ್ಚಿನ ಈಶಾನ್ಯಕ್ಕೆ ಚೌಕಾಕಾರದ ದೊಡ್ಡ ಏರಿ. ಆ ಚೌಕದೊಳಗೇ ಹಳೇ ಊರು ಇದ್ದಿದ್ದು. ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಲ್ಲಿ ಇಟ್ಕೊಳಿ.

ಜೊತೆಗೆ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 189ನೇ ನಂಬರ್ ಮ್ಯಾಪ್. ಅದ್ರಲ್ಲಿ ಹಳೇ ಸ್ಮಾರಕಗಳ ಹೆಸರೆಲ್ಲ ಹಳೇ ಕಾಲದ ಕೊಕ್ಕೆಕೊಕ್ಕೆ ಅಕ್ಷರದಲ್ಲಿ ಪ್ರಿಂಟ್ ಆಗಿರತ್ತೆ. ಆ ಅಕ್ಷರಾನ ಒಂದ್ಸಲ ಗುರುತು ಹಿಡಿದ್ರೆ ಆಮೇಲೆ ಈ ಸೀಮೆ ತುಂಬ ಎಷ್ಟೊಂದು ದಿಬ್ಬ ಇದೆ ಅಂತ ತಲೆ ತಿರುಗತ್ತೆ. ಗಡಿ ಅಲ್ವಾ, ಪ್ರತಿ ಪುಟ್ಟ ಪಾಳೆಗಾರನೂ ಒಂದೊಂದು ಗುಡ್ಡೆ ಹಾಕ್ಕೊಂಡು ಕೂತಿದ್ದ. ಹಸಿರು ಚುಕ್ಕಿಗೆರೆ ಇದ್ರೆ ಅದು ಜನ ನಡೆಯಕ್ಕೆ ಹಕ್ಕಿರೋ ಕಾಲುದಾರಿ, ಅದಿಲ್ಲದ ದಿಬ್ಬ ಯಾರದೋ ಜಮೀನಲ್ಲಿದೆ ಅಂತ ಅರ್ಥ, ರಸ್ತೆಯಿಂದ್ಲೇ ನೋಡಿ ಕೈ ಮುಗೀರಿ. ಮೊಬೈಲ್ ಸಿಗ್ನಲ್ ನಂಬ್ಬೇಡಿ, ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡೇ ಹೊರಡಿ.

ಬ್ಯಾಗಿಗೆ: ಹಳೇ ಬೂಟು ಇಲ್ಲಾ ವೆಲ್ಲಿ (ಉದ್ದ ರಬ್ಬರ್ ಬೂಟು), ಒಂದು ಜೊತೆ ಬದಲಿ ಸಾಕ್ಸ್, ಬೈನಾಕ್ಯುಲರ್ (ಚರ್ಚ್‌ಗೆ ಬೇಕು, ಕೋಟೆಗಲ್ಲ), ಸಣ್ಣ ಟಾರ್ಚ್, ಫ್ಲಾಸ್ಕಲ್ಲಿ ಕಾಫಿ, ಡಬ್ಬೀಲಿ ಚಿತ್ರಾನ್ನ. ಟಾಯ್ಲೆಟ್ ಅಲ್ಲಿ ಸಿಗತ್ತೆ ಅಂತ ನಂಬ್ಕೋಬೇಡಿ, ಹೆರೆಫರ್ಡಲ್ಲೇ ಮುಗಿಸ್ಕೊಳಿ.

ಹೋಗೋದು

ಬರ್ಮಿಂಗ್‌ಹ್ಯಾಮ್‌ನಿಂದ ಹೆರೆಫರ್ಡ್‌ಗೆ ಟ್ರೈನಲ್ಲಿ ಒಂದೂವರೆ ಗಂಟೆ, ಕಾರ್ಡಿಫ್‌ನಿಂದ ಒಂದು ಗಂಟೆ ಚಿಲ್ಲರೆ, ಲಂಡನ್ ಪ್ಯಾಡಿಂಗ್ಟನ್‌ನಿಂದ ನೇರ ಗಾಡಿ ಹಿಡಿದ್ರೆ ಮೂರು ಗಂಟೆ. ಆದ್ರೆ ಹೆರೆಫರ್ಡಿಂದ ಆಚೆಗೆ ಕಾರ್ ಇಲ್ದೆ ಕಷ್ಟ. ಬಸ್ಸನ್ನ ನಂಬಿ ನಾಕು ಚರ್ಚ್ ಪ್ಲಾನ್ ಹಾಕಿದ್ರೆ ಒಂದು ನೋಡಿ ಬರ್ತೀರ. ಎ465 ರಸ್ತೇಲಿ ಅಬರ್‌ಗವೆನಿ ಕಡೆ ಹೊರಟು ಕಿಲ್ಪೆಕ್ ಬೋರ್ಡ್ ಕಂಡ ಕಡೆ ತಿರುಗ್ಬೇಕು, ಹೆರೆಫರ್ಡಿಂದ ಒಟ್ಟು 9 ಮೈಲಿ ಆಗಬಹುದು.

ದೊಡ್ಡ ರಸ್ತೆ ಬಿಟ್ಟ ಮೇಲೆ ಎಲ್ಲ ಒಂದೇ ಗಾಡಿ ಹೋಗೋ ಓಣಿ, ಎರಡೂ ಕಡೆ ಆಳೆತ್ತರ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದ್ರೆ ರಿವರ್ಸ್ ಹೋಗೋದು ನೀವೇ, ಅವರಲ್ಲ. ಹಿಂದೆ ಅಗಲ ಜಾಗ ಎಲ್ಲಿ ಬಿಟ್ ಬಂದ್ರಿ ಅಂತ ನೆನಪಿಟ್ಕೊಂಡು ಓಡಿಸಿ. ದಾರಿ ಬಿಟ್ಟವರಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದ್ರೆ ಸಾಕು, ಅದೇ ಇಲ್ಲಿನ ನಮಸ್ಕಾರ. ಚರ್ಚ್ ಹತ್ರಾನೇ ಸ್ವಲ್ಪ ಗಾಡಿ ನಿಲ್ಲಿಸಕ್ಕೆ ಜಾಗ ಇದೆ. ಹೊಲದ ಗೇಟಿಗೆ ಅಡ್ಡ ನಿಲ್ಲಿಸ್ಬೇಡಿ, ನಾನೊಂದ್ಸಲ ನಿಲ್ಲಿಸಿ ರೈತನ ಕೈಲಿ ಚೆನ್ನಾಗಿ ಅನ್ನಿಸ್ಕೊಂಡಿದೀನಿ.

ಕೋಟೆ: ಕಣ್ಣಿಂದಲ್ಲ, ಕಾಲಿಂದ

ಇಳಿದ ತಕ್ಷಣ ಚರ್ಚಿನ ದಕ್ಷಿಣದ ಬಾಗ್ಲು ಕರೆಯತ್ತೆ, ಅಷ್ಟು ಚೆನ್ನಾಗಿದೆ. ತಡ್ಕೊಳಿ. ಅದನ್ನ ಮೊದ್ಲು ನೋಡಿದ್ರೆ ಆಮೇಲೆ ಕೋಟೆ ಸಪ್ಪೆ ಅನ್ಸತ್ತೆ, ಕೋಟೆ ಮೊದ್ಲು ನೋಡಿದ್ರೆ ಚರ್ಚ್ ಯಾಕೆ ಇಲ್ಲಿದೆ ಅಂತ ಗೊತ್ತಾಗತ್ತೆ. ದೊರೆ ದಿಬ್ಬದ ಮೇಲೆ, ದೇವರು ಮಧ್ಯ, ಜನ ಆ ಕಡೆ, ಇದು ಒಂದೇ ಪ್ಲಾನ್.

ಸಮಾಧಿಗಳ ಮಧ್ಯದ ದಾರೀಲಿ ಪಶ್ಚಿಮಕ್ಕೆ ಹೋಗಿ. ಸ್ಮಶಾನ ದಾಟಿದ್ರೆ ಗೇಟು, ಗೇಟ್ ಹೆಂಗಿತ್ತೋ ಹಂಗೇ ಬಿಡಿ, ಮುಚ್ಚಿದ್ರೆ ಮುಚ್ಚಿ, ತೆಗ್ದಿದ್ರೆ ತೆಗ್ದೇ ಬಿಡಿ, ಕುರಿ ಇರ್ತಾವೆ. ಈಗ ಮೇಲೆ ಹತ್ತಬೇಡಿ. ಮೊದಲು ಕಂದಕಕ್ಕೆ ಇಳೀರಿ. ಇಳಿದು ಅಲ್ಲಿಂದ ದಿಬ್ಬದ ತುದಿ ನೋಡಿ, ಕೈಲಿ ಭರ್ಜಿ ಹಿಡಿದು ಹತ್ತಬೇಕು, ಮೇಲಿಂದ ಕಲ್ಲು ಬರ್ತಿದೆ ಅಂತ ಅನ್ಕೊಳಿ. ಒಂಬತ್ತು ನೂರು ವರ್ಷದ ಮಳೇಲಿ ಮಣ್ಣು ಜರಿದು ಕಂದಕ ಅರ್ಧ ತುಂಬಿದೆ, ದಿಬ್ಬದ ತಲೆ ಸವೆದಿದೆ, ಆದ್ರೂ ಎದೆ ಝಲ್ ಅನ್ನತ್ತೆ. ಹೊಸದ್ರಲ್ಲಿ ಕಡಿದಾದ ಬರೀ ಕೆಂಪು ಮಣ್ಣು, ಒಂದು ಹುಲ್ಲುಕಡ್ಡಿ ಕೂಡ ಹಿಡ್ಕೊಳಕ್ಕೆ ಸಿಗ್ತಿರ್ಲಿಲ್ಲ. ಕಂದಕದೊಳಗೇ ದಿಬ್ಬಕ್ಕೆ ಎಷ್ಟಾಗತ್ತೋ ಅಷ್ಟು ಸುತ್ತು ಹಾಕಿ, ಕಾಲಡಿ ಎಲ್ಲಿ ಜವುಗು, ಎಲ್ಲಿ ಗಟ್ಟಿ ಅಂತ ಗಮನಿಸ್ತಾ. ಜವುಗು ಇದ್ ಕಡೆ ಕಂದಕ ಆಳವಾಗಿತ್ತು ಅಂತ ಬಹಳ ಸಲ ಅನ್ಕೋಬಹುದು.

ಆಮೇಲೆ ಹತ್ತಿ. ಜನ ಹತ್ತಿ ಹತ್ತಿ ಒಂದು ಜಾಡು ಆಗಿದೆ, ಮಳೆ ಬಂದಿದ್ರೆ ಸಾಬೂನಿನ ತರ ಜಾರತ್ತೆ. ಹತ್ತೋದು ಸುಲಭ, ಇಳಿಯೋವಾಗ ನಾನು ಕೂತ್ಕೊಂಡೇ ಇಳಿದೆ, ಇಳಿದೆ ಅನ್ನೋದಕ್ಕಿಂತ ಬಂದೆ ಅನ್ನಿ, ಪ್ಯಾಂಟ್ ಹಿಂದೆ ಎರಡು ವಾಶ್ ಆದ್ರೂ ಹೆರೆಫರ್ಡ್‌ಶೈರ್ ಕೆಂಪು ಹೋಗ್ಲಿಲ್ಲ. ಮಂಡಿ ನೋವಿರೋರು ಕೆಳಗೇ ಇರಿ, ನಿಜವಾಗ್ಲೂ ಕೆಳಗಿಂದ್ಲೇ ಜಾಸ್ತಿ ಅರ್ಥ ಆಗತ್ತೆ.

ಮೇಲೆ ಎರಡು ಗೋಡೆ ತುಂಡು ನಿಂತಿದೆಯಲ್ಲ, ಅವು ಮರದ ಗೋಡೆ ತೆಗೆದು ಆಮೇಲೆ ಕಲ್ಲಲ್ಲಿ ಕಟ್ಟಿದ ಸುತ್ತುಗೋಡೇವು, ಹನ್ನೆರಡನೇ ಶತಮಾನದ್ದು. ಹೊರಗಡೆ ಮುಖ ನೋಡ್ಬೇಡಿ, ಒಳಮುಖ ನೋಡಿ. ಒಂದ್ ತುಂಡಲ್ಲಿ ಬೆಂಕಿಗೂಡು, ಹೊಗೆ ಹೋಗೋ ದಾರಿ ಇನ್ನೂ ಉಳ್ಕೊಂಡಿದೆ. ನನಗೆ ಇಡೀ ಕೋಟೇಲಿ ಇಷ್ಟ ಆಗೋದು ಅದೇ, ಯಾಕಂದ್ರೆ ಅದು ಕಂಡ ತಕ್ಷಣ ಇದು ಬರೀ ಯುದ್ಧದ ಜಾಗ ಅಲ್ಲ, ಚಳೀಲಿ ಯಾರೋ ಕೈ ಕಾಯಿಸ್ಕೊಂಡಿದ್ ಮನೆ ಅಂತ ಗೊತ್ತಾಗತ್ತೆ. ಜಾನ್ ದೊರೆ, ಅದೇ 1215ರಲ್ಲಿ ಮ್ಯಾಗ್ನಾ ಕಾರ್ಟಾಗೆ ಮುದ್ರೆ ಒತ್ತಿದ್ನಲ್ಲ, ಅವನು ಅದಕ್ಕೆ ಮುಂಚಿನ ವರ್ಷಗಳಲ್ಲಿ ಇಲ್ಲಿ ಬಂದು ಇಳ್ಕೊಂಡಿದ್ದ. ಪಶ್ಚಿಮಕ್ಕೆ ಬ್ಲ್ಯಾಕ್ ಮೌಂಟನ್ಸ್ ಸಾಲು ಕಾಣತ್ತೆ, ಅದೇ ವೇಲ್ಸ್, ಈ ದಿಬ್ಬ ಹಾಕಿದ್ದೇ ಆ ಕಡೆ ಕಣ್ಣಿಡಕ್ಕೆ.

ಈಗ ಪೂರ್ವಕ್ಕೆ ತಿರುಗಿ, ಫೋನಲ್ಲಿರೋ ಲೈಡಾರ್ ಫೋಟೋ ತೆಗೀರಿ. ಕಾಲಡಿ ಅಂಗಳ, ಅದರಾಚೆ ಚರ್ಚ್, ಚರ್ಚಿನಾಚೆ ಹೊಲದಲ್ಲಿ ಹಳೇ ಊರಿನ ಏರಿ. ಮನೆ ಇದ್ದ ಮಟ್ಟಗಳು, ಮಧ್ಯ ತಗ್ಗಾಗಿ ಹೋಗಿರೋ ಬೀದಿ. ಸಂಜೆ ಬಿಸಿಲಲ್ಲಿ ಬಂದಿದ್ರೆ ಫೋಟೋನೂ ನೆಲಾನೂ ಪಕ್ಕಾ ಹೊಂದತ್ತೆ. ಆ ಕ್ಷಣಕ್ಕೋಸ್ಕರಾನೇ ಜನವರಿ ಚಳಿ ತಡ್ಕೊಂಡಿದ್ದು.

ಒಂದು ಎಚ್ಚರಿಕೆ. ಇದು ಸಂರಕ್ಷಿತ ಸ್ಮಾರಕ. ಕಲ್ಲು ಕೀಳೋದು, ಕೆದಕೋದು ಬೇಡ, ಮೆಟಲ್ ಡಿಟೆಕ್ಟರ್ ಅಂತೂ ಪರವಾನಗಿ ಇಲ್ದೆ ಬಳಸಿದ್ರೆ 1979ರ ಕಾಯ್ದೆ ಪ್ರಕಾರ ಅಪರಾಧ. ಮಕ್ಕಳಿಗೆ ಮುಂಚೇನೇ ಹೇಳಿ, ಗೋಡೆ ತುಂಡು ಹತ್ತೋದು ಬೇಡ.

ಚರ್ಚ್ ಹೊರಗಡೆ: ಒಂದು ಸುತ್ತು ಸಾಲಲ್ಲ

ಸೇಂಟ್ ಮೇರಿ ಅಂಡ್ ಸೇಂಟ್ ಡೇವಿಡ್, ಚಿಕ್ಕ ಚರ್ಚು, ಗೋಪುರ ಇಲ್ಲ, ಊರ ಕೆಂಪು ಮರಳುಗಲ್ಲು. ಆ ಕಲ್ಲಿನ ಗಟ್ಟಿತನಕ್ಕೇ ಕೆತ್ತನೆ ಇಷ್ಟು ಚೂಪಾಗಿ ಉಳ್ದಿದೆ. ಇದನ್ನ ಕೆತ್ತಿದ ಶಿಲ್ಪಿಗಳ ಗುಂಪಿಗೆ ವಿದ್ವಾಂಸರು ಹೆರೆಫರ್ಡ್‌ಶೈರ್ ಸ್ಕೂಲ್ ಅಂತ ಹೆಸರಿಟ್ಟಿದಾರೆ, ಶಿಲ್ಪಿಗಳ ಹೆಸರು ಒಂದೂ ಉಳ್ದಿಲ್ಲ. ಬೇಲೂರಲ್ಲಿ ದಾಸೋಜ, ಚಾವಣ ಅಂತ ಶಿಲ್ಪಿಗಳೇ ಹೆಸರು ಕೆತ್ತಿ ಹೋಗಿದಾರೆ, ಇಲ್ಲಿ ಆ ಭಾಗ್ಯ ಇಲ್ಲ.

ಪ್ರದಕ್ಷಿಣೆ ಹಾಕಿದಂಗೆ ಸುತ್ತಿ, ಸೂರಿನ ಕೆಳಗೆ ಸಾಲಾಗಿ ಗೋಡೆಯಿಂದ ಹೊರಗೆ ಚಾಚಿರೋ ಕಲ್ಲಿನ ಮುಖಗಳನ್ನ ನೋಡ್ತಾ. ಇವಕ್ಕೆ ಕಾರ್ಬೆಲ್ ಅಂತಾರೆ, 85 ಉಳಿದಿವೆ, 1842ರಲ್ಲಿ ಲೂಯಿಸ್ ಅನ್ನೋ ಕಲಾವಿದ ಬರ್ಕೊಂಡಾಗ ಇದಕ್ಕಿಂತ ಆರು ಜಾಸ್ತಿ ಇತ್ತು. ಬೈನಾಕ್ಯುಲರ್ ಈಗ ತೆಗೀರಿ. ಮಕ್ಕಳಿದ್ರೆ ಮೊಲಾನೂ ನಾಯೀನೂ ಒಟ್ಟಿಗೆ ಕೂತಿರೋದನ್ನ ಹುಡುಕಿ ಅಂತ ಬಿಡಿ, ಜೋಲುಕಿವಿ ನಾಯಿ ಮುಖ ಎಷ್ಟು ಪಾಪ ಅನ್ಸತ್ತೆ ಅಂದ್ರೆ ಇವತ್ತಿನ ಕಾರ್ಟೂನ್ ಅನ್ಬೇಕು.

ಇನ್ನೊಂದು ಇದೆ, ಶೀಲಾ ನ ಗಿಗ್. ಎರಡೂ ಕೈಲಿ ಯೋನಿ ಅಗಲಿಸಿ ತೋರಿಸ್ತಿರೋ ಹೆಂಗಸು, ಅದೂ ಚರ್ಚಿನ ಗೋಡೆ ಮೇಲೆ. ಯಾಕೆ ಅಂತ ಪಂಡಿತರಲ್ಲೇ ಜಗಳ, ಕಾಮದ ವಿರುದ್ಧ ಎಚ್ಚರಿಕೆ ಅಂತ ಕೆಲವರು, ದೃಷ್ಟಿ ತೆಗೆಯೋಕೆ ಅಂತ ಕೆಲವರು, ಹಳೇ ಫಲದೇವತೆ ಅಂತ ಇನ್ನು ಕೆಲವರು. ನಾನು ಮುಜುಗರ ಪಟ್ಕೊಂಡು ಅಮ್ಮನ್ನ ಬೇಗ ಬೇಗ ಮುಂದಕ್ಕೆ ಕರ್ಕೊಂಡ್ ಹೋಗ್ತಿದ್ರೆ ಅವರೇ ನಿಂತು ಕನ್ನಡಕ ಸರಿ ಮಾಡ್ಕೊಂಡು "ಬಾದಾಮಿ ಮ್ಯೂಸಿಯಂನಲ್ಲಿ ಲಜ್ಜಾಗೌರಿ ನೋಡಿಲ್ವೇನೋ ನೀನು, ನಾಚ್ಕೊಳೋದೇನಿದೆ" ಅಂದ್ರು. ಇವೆರಡಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳಲ್ಲ, ಆದ್ರೆ ಅಮ್ಮ ಅವತ್ತಿಂದ ಕಿಲ್ಪೆಕ್ ಪಾರ್ಟಿ.

ಈಗ ದಕ್ಷಿಣದ ಬಾಗ್ಲು. ದೂರ ನಿಂತು ಇಡೀ ನೋಡೋದು ಎರಡು ನಿಮಿಷ ಸಾಕು, ಆಮೇಲೆ ಹತ್ರ ಹೋಗಿ. ಮೇಲೆ ಅರ್ಧಚಂದ್ರದಲ್ಲಿ ಬಳ್ಳಿ ತರದ ಜೀವವೃಕ್ಷ, ಸುತ್ತ ಕಮಾನಲ್ಲಿ ಹಕ್ಕಿ, ಮೀನು, ದೈತ್ಯಮುಖ. ಪಕ್ಕದ ಕಂಬದಲ್ಲಿ ಬಳ್ಳಿ ಒಳಗೆ ಸಿಕ್ಕಾಕ್ಕೊಂಡಿರೋ ಇಬ್ರು ಯೋಧರು, ಬಿಗಿ ಮೇಲಂಗಿ, ಪ್ಯಾಂಟು, ಚೂಪು ಟೋಪಿ, ಬಟ್ಟೆಯ ಗೀರು ಕೂಡ ಬಿಡದೆ ಕೆತ್ತಿದಾನೆ. ಹೊರಗಿನ ಅಂಚಲ್ಲಿ ಒಂದರ ಬಾಲ ಇನ್ನೊಂದು ಕಚ್ಚಿರೋ ಸರ್ಪಗಳು. ಮುಟ್ಬೇಡಿ, ಕೈ ಎಣ್ಣೆ ಕಲ್ಲು ತಿನ್ನತ್ತೆ. ಆಮೇಲೆ ಪಶ್ಚಿಮ ಗೋಡೆಗೆ ಹೋಗಿ ತಲೆ ಎತ್ತಿ, ಬಾಯಿ ತೆಗೆದು ನಾಲಿಗೆ ಸುರುಳಿ ಮಾಡಿ ಚಾಚಿರೋ ಡ್ರ್ಯಾಗನ್ ತಲೆಗಳು ಗೋಡೆಯಿಂದ ಹೊರಗೆ ಬಂದಿವೆ, ಹಡಗಿನ ಮೂತಿ ತರ. ಇದನ್ನ ನೋಡದೇ ವಾಪಸ್ ಹೋಗೋರೇ ಜಾಸ್ತಿ.

ಒಳಗೆ

ಹಳ್ಳಿ ಚರ್ಚ್ ಬಾಗ್ಲು ಬೀಗ ಹಾಕಿದಂಗೆ ಕಾಣತ್ತೆ, ಬಹಳ ಸಲ ಹಾಕಿರಲ್ಲ. ಕಬ್ಬಿಣದ ಬಳೆ ಇರತ್ತೆ, ತಿರುಗ್ಸಿ ಭುಜ ಕೊಟ್ಟು ತಳ್ಳಿ. ಚಪ್ಪಲಿ ಬಿಡ್ಬೇಕಾ ಅಂತ ನಮ್ಮೋರೆಲ್ಲ ಕೇಳ್ತಾರೆ, ಬೇಡ, ಆದ್ರೆ ಕಂದಕದ ಕೆಸರು ಮೆತ್ತಿರೋ ಬೂಟಲ್ಲಿ ಒಳಗೆ ನಡೆಯೋದು ಚೆಂದ ಅಲ್ಲ, ಬಾಗ್ಲಲ್ಲಿ ಬಿಟ್ಟು ಸಾಕ್ಸಲ್ಲಿ ಹೋದ್ರೆ ಯಾರೂ ಏನೂ ಅನ್ಕೊಳಲ್ಲ. ಒಳಗೆ ಹೊರಗಿಗಿಂತ ಚಳಿ.

ಗರ್ಭಗುಡಿ ಕಡೆ ಹೋಗೋ ಕಮಾನಿನ ಎರಡೂ ಪಕ್ಕ ಒಬ್ಬರ ಮೇಲೊಬ್ಬರು ಮೂರು ಮೂರು ಸಂತರು ನಿಂತಿದಾರೆ, ಕೀಲಿಕೈ ಹಿಡಿದಿರೋನು ಯೇಸುವಿನ ಶಿಷ್ಯ ಪೀಟರ್. ಕಂಬಕ್ಕೆ ಹಿಂಗೆ ಮನುಷ್ಯರನ್ನ ಜೋಡ್ಸೋ ಶೈಲಿ ಸ್ಪೇನ್‌ನ ಸಾಂತಿಯಾಗೊ ಯಾತ್ರೆ ದಾರಿಯಿಂದ ಬಂದಿದ್ದು ಅಂತ ಹೇಳ್ತಾರೆ, ಇದೇ ಹೆರೆಫರ್ಡ್‌ಶೈರ್‌ನ ಶಾಬ್ಡನ್ ಚರ್ಚ್ ಕಟ್ಟಿಸಿದ ಆಲಿವರ್ ದ ಮರ್ಲಿಮಂಡ್ ಆ ಯಾತ್ರೆ ಹೋಗಿ ಬಂದವನು. ಕಮಾನು ದಾಟಿ ಅರ್ಧವೃತ್ತದ ತುದೀಲಿ ನಿಂತು ಮೇಲೆ ಟಾರ್ಚ್ ಬಿಡಿ, ಕಲ್ಲಿನ ಪಟ್ಟಿಗಳು ಕೂಡೋ ಜಾಗದಲ್ಲಿ ನಾಕು ಮುಖ. ಹೊರಡೋಕ್ ಮುಂಚೆ ಗೋಡೆಯಲ್ಲಿರೋ ಹುಂಡಿಗೆ ಒಂದಿಷ್ಟು ಹಾಕಿ. ಟಿಕೆಟ್ ಇಲ್ಲ, ಸೂರು ಸೋರದಂಗೆ ನೋಡ್ಕೊಳೋದು ಊರಿನವರೇ.

ಅಲ್ಲಿಂದ ಮುಂದೆ

ಕಿಲ್ಪೆಕ್‌ಗೆ ಎರಡೂವರೆ ಗಂಟೆ ಕೊಟ್ರೆ ಉಳಿದ ದಿನದಲ್ಲಿ ಇನ್ನೆರಡು ಚರ್ಚ್, ಜಾಸ್ತಿ ಬೇಡ. ನಾಕನೇದ್ರಲ್ಲಿ ಎಲ್ಲ ಕಲ್ಲೂ ಒಂದೇ ತರ ಕಾಣತ್ತೆ.

ನನ್ನ ಮೊದಲ ಆಯ್ಕೆ ರೋಲ್‌ಸ್ಟನ್, ಯೂಯಸ್ ಹೆರಾಲ್ಡ್ ಊರು ದಾಟಿ ಮೇಲೆ ಗುಡ್ಡದಲ್ಲಿ. (ಯೂಯಸ್ ಹೆರಾಲ್ಡಲ್ಲೂ ದೊಡ್ಡ ಮಣ್ಣಿನ ದಿಬ್ಬ ಇದೆ, ಖಾಸಗಿ ಜಾಗ, ದೂರದಿಂದ ನೋಡಿ. ಡೂಮ್ಸ್‌ಡೇಲಿ ಹೆಸರಿರೋ ಕೋಟೆ ಅದು.) ರೋಲ್‌ಸ್ಟನ್ ಚರ್ಚ್ ಸಂತ ಪೀಟರ್ ಹೆಸರಿನದ್ದು, ಅದೇ ಶಿಲ್ಪಿ ಗುಂಪಿನ ಕೆಲಸ. ಬಾಗ್ಲ ಮೇಲೆ ಕ್ರಿಸ್ತ ಸಿಂಹಾಸನದಲ್ಲಿ, ಸುತ್ತ ದೇವದೂತರು. ಒಳಗೆ ಕಮಾನಲ್ಲಿ ಬೊಂಬೆ ನೋಡಿ, ಒಂದ್ ಕಡೆಯವು ತಲೆಕೆಳಗು! ಕೆಲಸಗಾರ ಕಲ್ಲು ಉಲ್ಟಾ ಇಟ್ನಾ ಅಂತ ನಾನು ನಕ್ಕಿದ್ದೆ. ಪೀಟರನ್ನ ಶಿಲುಬೆಗೆ ತಲೆಕೆಳಗಾಗಿ ಏರಿಸಿದ್ರು ಅನ್ನೋ ಕಥೆ ನೆನಪಾದ ಮೇಲೆ ನಗು ನಿಂತು, ಇದು ಬೇಕಂತ್ಲೇ ಮಾಡಿದ್ದಿರಬಹುದು ಅನ್ನಿಸ್ತು. ಹುಂಜ ಅಲ್ಲಿ ಎಲ್ಲೆಲ್ಲೂ ಇದೆ, ಹಳೇ ಕಬ್ಬಿಣದ ದೀಪದ ಹಲಗೆ ಮೇಲೂ, ಕೋಳಿ ಕೂಗೋದ್ರೊಳಗೆ ಮೂರು ಸಲ ಯೇಸು ಗೊತ್ತಿಲ್ಲ ಅಂದವನಲ್ವಾ ಈ ಪೀಟರ್.

ಗಾರ್ವೇ ಇನ್ನೊಂದ್ ದಿಕ್ಕು. ಕ್ರುಸೇಡ್ ಕಾಲದ ಸನ್ಯಾಸಿ-ಯೋಧರಾದ ಟೆಂಪ್ಲರ್‌ಗಳ ಚರ್ಚು, ಮೊದ್ಲು ದುಂಡಗಿತ್ತು, ಆ ವೃತ್ತದ ಅಡಿಪಾಯ ಹೊರಗಡೆ ಹುಲ್ಲಲ್ಲಿ ಕಾಣತ್ತೆ. ಗೋಪುರ ಓರೆಯಾಗಿ ಬೇರೆ ನಿಂತಿತ್ತು, ಆಮೇಲೆ ಯಾವಾಗ್ಲೋ ನಡುವೆ ಒಂದು ಓಣಿ ಕಟ್ಟಿ ಜೋಡಿಸಿದಾರೆ. ಪಕ್ಕದ ತೋಟದಲ್ಲಿ 1326ರ ಕಲ್ಲಿನ ಪಾರಿವಾಳದ ಗೂಡುಮನೆ, 666 ಗೂಡು, ಖಾಸಗಿ ಜಾಗ, ಹಂಗೇ ನುಗ್ಗಬೇಡಿ.

ಕೋಟೆ ಕೋಟೆ ಥರಾನೇ ಕಾಣ್ಬೇಕು ಅಂತ ಮಕ್ಕಳು ಹಠ ಹಿಡಿದ್ರೆ ಲಾಂಗ್‌ಟೌನ್. ದಿಬ್ಬದ ಮೇಲೆ ದುಂಡು ಕಲ್ಲಿನ ಗೋಪುರ, ಹಳೇ ಸ್ಮಾರಕ ನೋಡ್ಕೊಳೋ ಇಂಗ್ಲಿಷ್ ಹೆರಿಟೇಜ್ ಸಂಸ್ಥೇದು, ಫ್ರೀ. ಅಲ್ಲಿಂದ ಒಂದು ಮೈಲಿ ಕ್ಲೋಡಾಕ್, ಅಲ್ಲಿ ಮೂರು ಅಂತಸ್ತಿನ ಮರದ ಪ್ರವಚನ ಪೀಠ, ಹಳೇ ಗ್ಯಾಲರಿ, ಪಕ್ಕದಲ್ಲಿ ಹೊಳೆ.

ಬೆಳಕು ಉಳ್ದಿದ್ರೆ ವಾಪಸ್ ದಾರೀಲಿ ಆಬಿ ಡೋರ್. 1147ರಲ್ಲಿ ಶುರುವಾದ, ಸಿಸ್ಟರ್ಷಿಯನ್ ಅನ್ನೋ ಸನ್ಯಾಸಿ ಪಂಥದ ಮಠ, 1536ರಲ್ಲಿ ಎಂಟನೇ ಹೆನ್ರಿ ಕಾಲದಲ್ಲಿ ಮುಚ್ಚಿಸಿದ್ರು, ಹಾಳು ಬಿದ್ದಿತ್ತು, 1630ರ ದಶಕದಲ್ಲಿ ಸ್ಕುಡಮೋರ್ ಅನ್ನೋ ಜಮೀನ್ದಾರ ಉಳಿದ ಅರ್ಧಾನ ರಿಪೇರಿ ಮಾಡಿಸಿ ಊರ ಚರ್ಚ್ ಮಾಡಿದ. ಜಾನ್ ಏಬಲ್ ಅನ್ನೋ ಬಡಗಿ ಮಾಡಿದ, ಅಡ್ಡಗೋಡೆ ತರದ ಭಾರೀ ಮರದ ತೆರೆ ಇದೆ. ಕಿಲ್ಪೆಕ್‌ನ ಆ ಗಿಜಿಗಿಜಿ ಕೆತ್ತನೆ ನೋಡಿ ಬಂದ ಕಣ್ಣಿಗೆ ಇಲ್ಲಿ ಎತ್ತರದ ಖಾಲಿ ಕಲ್ಲು, ಸಿಸ್ಟರ್ಷಿಯನ್ನರಿಗೆ ಶೃಂಗಾರ ಆಗಿಬರ್ತಿರ್ಲಿಲ್ಲ. ಹಳ್ಳಿ ಚರ್ಚ್‌ಗಳ ಬಾಗ್ಲ ಮುಂದೆ ತಂತಿ ಬಲೆಯ ಇನ್ನೊಂದು ಬಾಗ್ಲು ಕಂಡ್ರೆ ಬರೋವಾಗ ಎಳ್ದು ಮುಚ್ಚಿ, ಇಲ್ದಿದ್ರೆ ಹಕ್ಕಿ ಒಳಗೆ ಹೋಗಿ ಆಚೆ ಬರಕ್ಕಾಗದೆ ಸತ್ತೋಗತ್ತೆ.